ಬಾಲದ ಡೊಂಕಲ್ಲ, ಕಾಲಿನದು: ಕೆಂಚಿ ನಿಧಿಯ ಕಂಬಳಿ ಚೀಲಗಳು

ಅಂಚು ನಿಂತಿತು! ನಮ್ಮ ನಾಯಿ ಕೆಂಚಿಯ ಸೊಟ್ಟ ಕಾಲಿನ ಆಪರೇಷನ್ನಿಗೆ ದುಡ್ಡು ಕೂಡಿಸಲು ಹೊಲಿಯುತ್ತಿರುವ ಕಂಬಳಿ ಚೀಲದ ಅಂಚು, ಕೊನೆಗೂ ಎಳೆ ಬಿಡದೆ. ನೀರಲ್ಲಿ ನೆನೆಸಿ, ಹಿಂಡಿ, ಒಳಗೆ ಐದು ಕೆಜಿ ಅಕ್ಕಿ ಇಟ್ಟು ರಾತ್ರಿಯಿಡೀ ಹಿತ್ತಲ ಕಿಟಕಿ ಸರಳಿಗೆ ನೇತುಹಾಕಿದ್ದ ಚೀಲ ಬೆಳಿಗ್ಗೆ ನೋಡಿದರೆ ಹಾಗೇ ಇದೆ. ಒಂದೇ ಒಂದು ಎಳೆ ಹೊರಗೆ ಬಂದಿಲ್ಲ, ಹೊಲಿಗೆ ಬಾಯಿಬಿಟ್ಟಿಲ್ಲ. ಅಕ್ಕಿಯ ಪ್ಲಾಸ್ಟಿಕ್ ಕವರ್ ಮಾತ್ರ ಎಲ್ಲೋ ತೂತಾಗಿ ಅಕ್ಕಿಗೆ ಕುರಿ ವಾಸನೆ ಹಿಡಿದಿತ್ತು. ಕಂಬಳೀಲಿ ಬುತ್ತಿ ಕಟ್ಟಿದ ಮೇಲೆ ಕೂದಲು ಆರಿಸಬಾರದು ಅಂತಾರಲ್ಲ, ಸುಮ್ಮನೆ ದೋಸೆಗೆ ನೆನೆಹಾಕಿದ್ದೇನೆ. ಮನೆಯಲ್ಲಿ ಇನ್ನೂ ಯಾರಿಗೂ ಹೇಳಿಲ್ಲ.

ಲೆಕ್ಕ ಮೊದಲು ಒಪ್ಪಿಸಿಬಿಡುತ್ತೇನೆ. ಗುರಿ 85,000 ರೂಪಾಯಿ. ಸಿ.ಟಿ. ಸ್ಕ್ಯಾನ್, ಆಪರೇಷನ್, ಪ್ಲೇಟು, ಸ್ಕ್ರೂ, ಅರಿವಳಿಕೆ, ಆಮೇಲಿನ ಎಕ್ಸ್‌ರೇ, ಚಿತ್ರದುರ್ಗದಿಂದ ಬೆಂಗಳೂರಿಗೆ ಹೋಗಿಬರುವ ಗಾಡಿ ಬಾಡಿಗೆ, ಎಲ್ಲ ಸೇರಿ. ಕ್ಯೂಆರ್ ಕೋಡ್ ಹಂಚಿದ ಶುರುವಿನಲ್ಲಿ ದುಡ್ಡು ಚೆನ್ನಾಗಿಯೇ ಬಂತು, ಆಮೇಲೆ ಬೇಸಿಗೆಯ ವೇದಾವತಿ ಥರ ಬತ್ತಿಹೋಯಿತು. ಸುಮಾರು ಅರ್ಧ ಆಗಿದೆ. ಉಳಿದರ್ಧ ಈ ಚೀಲಗಳಿಂದಲೇ ಬರಬೇಕು. ಚೀಲ ಕೊಳ್ಳುವವರು ದುಡ್ಡನ್ನು ನನಗೆ ಹಾಕಬೇಡಿ, ನೇರವಾಗಿ ಆಸ್ಪತ್ರೆಯ ಖಾತೆಗೆ ಹಾಕಿ ರಸೀದಿಯ ಫೋಟೋ ಕಳಿಸಿ ಅಂತ ಮೊದಲಿಂದಲೂ ಹೇಳುತ್ತಾ ಬಂದಿದ್ದೇನೆ. ಸಾಮಾನಿನ ಖರ್ಚು ನನ್ನದು. ಇದರಿಂದ ಜಗಳ ಕಡಿಮೆ, ನಿದ್ದೆ ಹೆಚ್ಚು.

ಹೊಸಬರಿಗೆ ಕೆಂಚಿಯ ಕಥೆ ಚುಟುಕಾಗಿ. ಚಳ್ಳಕೆರೆ ಗೇಟ್ ಹತ್ತಿರ ಮರಿಯಿದ್ದಾಗ ಬೈಕಿನ ಚಕ್ರ ಎಡಗಡೆ ಮುಂಗಾಲಿನ ಮೇಲೆ ಹತ್ತಿ ಇಳಿದಿತ್ತು. ಎಲುಬು ಮುರಿದಿರಲಿಲ್ಲ, ಕುಂಟುವುದೂ ಬೇಗ ನಿಂತಿತು, ಎಲ್ಲರೂ ಮರೆತರು. ಬೆಳೆಯುತ್ತಾ ಬೆಳೆಯುತ್ತಾ ಕಾಲು ಸೊಟ್ಟಗಾಯಿತು. ನಾಯಿಯ ಮುಂಗಾಲಿನಲ್ಲಿ ರೇಡಿಯಸ್, ಉಲ್ನಾ ಅಂತ ಎರಡು ಎಲುಬು ಜೋಡಿಯಾಗಿ ಬೆಳೆಯುತ್ತವೆ. ಉಲ್ನಾದ ಕೆಳತುದಿಯ ಬೆಳವಣಿಗೆ ಪದರ ಶಂಕುವಿನ ಆಕಾರದಲ್ಲಿರುವುದರಿಂದ ಜಜ್ಜುವ ಪೆಟ್ಟಿಗೆ ಅದೇ ಮೊದಲು ಬಲಿ, ಮತ್ತು ಆ ಎಲುಬಿನ ಉದ್ದದಲ್ಲಿ ಬಹುಪಾಲು ಬರುವುದೇ ಆ ಪದರದಿಂದ. ಅದು ಸತ್ತರೆ ಉಲ್ನಾ ಗಿಡ್ಡವಾಗಿ ನಿಲ್ಲುತ್ತದೆ, ಪಕ್ಕದ ರೇಡಿಯಸ್ ಮಾತ್ರ ಬೆಳೆಯುತ್ತಲೇ ಹೋಗುತ್ತದೆ. ಹೋಗಲು ಜಾಗವಿಲ್ಲದೆ ಅದು ಬಾಗುತ್ತದೆ, ಪಾದ ಹೊರಕ್ಕೆ ತಿರುಗುತ್ತದೆ. ಕೆಂಚಿ ಈಗ ಪಾದದ ಒಳಮಗ್ಗುಲ ಮೇಲೆ ಭಾರ ಹಾಕಿ ನಡೆಯುತ್ತಾಳೆ, ಅಲ್ಲಿ ರೋಮ ಉದುರಿ ಚರ್ಮ ಒರಟಾಗಿ ಕಪ್ಪಾಗಿದೆ.

ಮರಿಯಿದ್ದಾಗಲೇ ಗೊತ್ತಾಗಿದ್ದರೆ ಉಲ್ನಾದ ಒಂದು ತುಂಡು ತೆಗೆದು ರೇಡಿಯಸ್‌ಗೆ ಬಿಡುವು ಕೊಡುವ ಸಣ್ಣ ಆಪರೇಷನ್ನಲ್ಲೇ ಮುಗಿಯುತ್ತಿತ್ತಂತೆ. ಈಗ ಬೆಳವಣಿಗೆ ಮುಗಿದಿದೆ. ಹಾಗಾಗಿ ರೇಡಿಯಸ್ಸನ್ನೇ ಕೊಯ್ದು, ಕೋನ ಸರಿಮಾಡಿ, ತಿರುಚಿದ್ದನ್ನು ಹಿಂದಕ್ಕೆ ತಿರುಗಿಸಿ ಪ್ಲೇಟು ಕೂರಿಸಬೇಕು. ಎಲ್ಲಿ, ಎಷ್ಟು ಡಿಗ್ರಿ ಕೊಯ್ಯಬೇಕು ಅನ್ನುವುದಕ್ಕೆ ಸಿ.ಟಿ. ಬೇಕು. ಮೂರು ಕಾಲಲ್ಲೂ ನಾಯಿ ಚೆನ್ನಾಗಿ ಓಡುತ್ತೆ, ತೆಗೆಸಿಬಿಡಿ ಅಂದವರಿದ್ದಾರೆ. ನಿಜವೇ, ಎಷ್ಟೋ ನಾಯಿಗಳು ಹಾಗೆ ಸುಖವಾಗಿವೆ. ಆದರೆ ಈ ಕಾಲಿನಲ್ಲಿ ಸ್ಪರ್ಶ ಪೂರ್ತಿ ಇದೆ, ಮೊಣಕೈ ಕೀಲು ಇನ್ನೂ ಜಾರಿಲ್ಲ. ಜಾರುವ ಮುಂಚೆ ಮಾಡಿಸಬೇಕು ಅನ್ನುವುದೇ ಅವಸರಕ್ಕೆ ಕಾರಣ. ಇನ್ನು, ನಾಯಿ ಬಾಲ ಡೊಂಕೇ ಅನ್ನುವ ಗಾದೆ ಹೇಳದೆ ದುಡ್ಡು ಕೊಟ್ಟವರು ಕಡಿಮೆ. ಬಾಲದ ಡೊಂಕಿಗೆ ಮದ್ದಿಲ್ಲ, ಕಾಲಿನ ಡೊಂಕಿಗೆ ಇದೆ ಸ್ವಾಮಿ. ಅದಕ್ಕೇ ಕೇಳುತ್ತಿರುವುದು.

ಈಗ ಚೀಲ. ಕಂಬಳಿ ಆಸನಗಳನ್ನು ಹೊಲಿದವರಿಗೆಲ್ಲ ಗೊತ್ತು, ಆಸನಕ್ಕೆ ತಲೆನೋವಿಲ್ಲ. ಸುತ್ತ ಮಡಚಿ ಹೊಡೆದರೆ ಆಯಿತು. ಆದರೆ ಆಸನಕ್ಕೆ ಬರುವ ಬೆಲೆ ಸಾಲದು. ಬೆಂಗಳೂರಿನ ಐಟಿ ನೆಂಟರು ಕೇಳುವುದು ಲ್ಯಾಪ್‌ಟಾಪ್ ಚೀಲ. ಚೀಲಕ್ಕೆ ಕತ್ತರಿಸಿದ ಅಂಚು ಬೇಕೇಬೇಕು, ದುಂಡಗಿನ ಮೂಲೆ ಬೇಕು, ಜಿಪ್ ಬೇಕು. ಮೊದಲ ಕಂತಿನ ಚೀಲಗಳು ನೋಡಲು ಗಟ್ಟಿಮುಟ್ಟಾಗಿದ್ದವು. ಕಳಿಸಿ ಒಂದು ಮಳೆ ಬಿದ್ದ ಮೇಲೆ ಫೋಟೋಗಳು ಬರತೊಡಗಿದವು. ಮೂಲೆಯಲ್ಲಿ ಎಳೆ ಕಿತ್ತು ಬಂದಿದೆ, ಜಿಪ್ ಒಂದು ಕಡೆ ಹೊಲಿಗೆ ಸಮೇತ ಕಳಚಿ ನೇತಾಡುತ್ತಿದೆ. ದಾರ ಎಲ್ಲೂ ತುಂಡಾಗಿಲ್ಲ! ಹೊಲಿಗೆ ಹಾಗೇ ಇದೆ, ಬಟ್ಟೆಯೇ ಹೊಲಿಗೆಯಿಂದ ಜಾರಿಕೊಂಡು ಹೋಗಿದೆ.

ಕತ್ತರಿಸುವಾಗ ಒಂದೂ ಎಳೆ ಬಿಡದ ಕಂಬಳಿ ಮಳೆಗೆ ಯಾಕೆ ಹೀಗಾಯಿತು ಅನ್ನುವುದೇ ನನ್ನನ್ನು ತಿಂದ ಪ್ರಶ್ನೆ. ಮೊದಲು ಅನುಮಾನ ಬಂದದ್ದು ಉಣ್ಣೆಯ ಮೇಲೆ. ಬಸ್ ಸ್ಟ್ಯಾಂಡ್ ಕಡೆಯ ಒಂದು ಅಂಗಡಿಯಲ್ಲಿ ಅಪ್ಪಟ ಕಂಬಳಿ ಅಂತ ಕೊಟ್ಟಿದ್ದ ಒಂದರ ಎಳೆ ಕಿತ್ತು ಬೆಂಕಿ ಹಚ್ಚಿದೆ. ಕೂದಲು ಸುಟ್ಟ ವಾಸನೆ ಬರಬೇಕಿತ್ತು, ಕರಗಿ ಗುಂಡಗೆ ಮಣಿ ಕಟ್ಟಿತು. ಅಕ್ರಿಲಿಕ್ಕು. ಕೇಳಿದರೆ "ಚಳಿಗೆ ಎರಡೂ ಒಂದೇ ಸರ್" ಅಂತ ಉತ್ತರ. ಅದು ಈಗ ಕೆಂಚಿಯ ಹಾಸಿಗೆ. ಆದರೆ ಹಾಳಾದ ಚೀಲಗಳು ಚಳ್ಳಕೆರೆ ಕಡೆಯ ಮಗ್ಗದಿಂದಲೇ ತಂದ ಕಂಬಳಿಯವು. ಅವನ್ನು ಸುಟ್ಟರೆ ಕೂದಲ ವಾಸನೆಯೇ ಬಂತು.

ಸುಳಿವು ಕೊಟ್ಟವಳು ಕೆಂಚಿ. ಹೊಸ ಕಂಬಳಿ ಮನೆಗೆ ಬಂದರೆ ಸಾಕು, ಒಂದು ಮೂಲೆ ಹಿಡಿದು ಕಣ್ಣುಮುಚ್ಚಿ ನೆಕ್ಕುತ್ತಾ ಕೂರುತ್ತಾಳೆ. ಒಗೆದ ಕಂಬಳಿಯನ್ನು ಮೂಸಿಯೂ ನೋಡುವುದಿಲ್ಲ. ಅವಳು ನೆಕ್ಕುತ್ತಿದ್ದುದು ನೂಲಿಗೆ ಬಳಿದ ಸರಿಯನ್ನು, ಅಂದರೆ ಗಂಜಿಯನ್ನು. ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ ಅರೆದು ಕುದಿಸಿದ ಸರಿಯನ್ನು ನೇಕಾರರು ಹಾಸು ನೂಲಿಗೆ, ಅಂದರೆ ಮಗ್ಗದ ಉದ್ದದ ಎಳೆಗಳಿಗೆ, ಬಳಿಯುತ್ತಾರೆ. ಕೈಯಲ್ಲಿ ನೂತ ಒರಟು ನೂಲು ಮಗ್ಗದ ಮೇಲೆ ತುಂಡಾಗದಿರಲಿ ಅಂತ. ಹೊಸ ಕಂಬಳಿ ಬಿರುಸಾಗಿ ನಿಲ್ಲುವುದು ಅದರಿಂದಲೇ. ಕತ್ತರಿಸಿದ ಅಂಚನ್ನು ಹಿಡಿದಿಟ್ಟದ್ದೂ ಅದೇ. ಮಳೆಗೆ ಸರಿ ತೊಳೆದುಹೋಯಿತು, ಹಾಸಿಗೂ ಅಡ್ಡ ಎಳೆಯ ಹೊಕ್ಕಿಗೂ ಇದ್ದ ಒಪ್ಪಂದ ಮುರಿದುಬಿತ್ತು.

ಕಾರಣ ಸಿಕ್ಕಿತು ಅಂತ ಕುಣಿದದ್ದೇ ಬಂತು, ಪರಿಹಾರ ಸುಲಭದ್ದಲ್ಲ. ಅಂಚಿಗೆ ಸುತ್ತು ಹೊಲಿಗೆ ಹಾಕುವ ಓವರ್‌ಲಾಕ್ ಮಾಡಿಸೋಣ ಅಂತ ಹೋದರೆ ಟೈಲರ್ ಕಂಬಳಿ ನೋಡಿಯೇ ಕೈಮುಗಿದ. ಮಷೀನಿನ ಬ್ಲೇಡಿನ ಗತಿ ಏನು ಅಂತ ಅವನ ಪ್ರಶ್ನೆ, ನ್ಯಾಯವಾದದ್ದೇ. ಅಂಗಿ ಕಾಲರಿಗೆ ಹಾಕುವ, ಬಿಸಿಗೆ ಅಂಟುವ ಫ್ಯೂಸಿಂಗ್ ಬಟ್ಟೆ ಇಟ್ಟು ಇಸ್ತ್ರಿ ಮಾಡಿದೆ. ಕಂಬಳಿಯ ರೋಮದ ಮೇಲೆ ಅದು ಕೂರುವುದೇ ಇಲ್ಲ, ತುದಿ ಹಿಡಿದೆಳೆದರೆ ಪೂರ್ತಿ ಕೈಗೆ ಬರುತ್ತದೆ. ಬಿಳಿ ಗೋಂದು ಒಣಗಿ ಬಿರುಸಾಗಿ ಅಂಗೈ ತರಚಿತು. ಬಿಸಿನೀರು, ಅಂಟುವಾಳ ಹಾಕಿ ತುಳಿದು ತುಳಿದು ಉಣ್ಣೆಯನ್ನು ಜಡ್ಡುಗಟ್ಟಿಸುವ ದಾರಿಯನ್ನೂ ನೋಡಿದೆ. ನಯ ಉಣ್ಣೆಗೆ ಅದು ಸರಿ, ನಮ್ಮ ದಖನಿ ಕುರಿಯ ಉಣ್ಣೆ ಅರ್ಧ ಕೂದಲೇ. ಸ್ವಲ್ಪ ದಪ್ಪಗಾಯಿತು, ಅಂಚು ಬಿಡುವುದು ನಿಲ್ಲಲಿಲ್ಲ. ಕಾಲು ಮಾತ್ರ ಚೊಕ್ಕಟವಾಯಿತು.

ಕೊನೆಗೆ ನಿಂತದ್ದು ಹೀಗೆ. ಕಂಬಳಿಯನ್ನು ಮೊದಲೇ ನೆನೆಸಿ ಸರಿಯೆಲ್ಲ ಬಿಡಿಸಿ ನೆರಳಲ್ಲಿ ಒಣಗಿಸುವುದು. ಕುಗ್ಗುವುದೆಲ್ಲ ಅಲ್ಲೇ ಕುಗ್ಗಲಿ. ಆಮೇಲೆ ಸೀಮೆಸುಣ್ಣದಲ್ಲಿ ಅಳತೆ ಬರೆದು, ಕತ್ತರಿಸುವ ಮುಂಚೆಯೇ ಗೆರೆಯ ಎರಡೂ ಪಕ್ಕ ಚಿಕ್ಕ ಹೊಲಿಗೆಯಲ್ಲಿ ಎರಡೆರಡು ಸಾಲು ಹೊಡೆದು, ನಡುವೆ ಕತ್ತರಿ ಹಾಕುವುದು. ನನ್ನದು ಹಳೆಯ ಕಾಲ್ತುಳಿ ಉಷಾ, ಅಡ್ಡಾದಿಡ್ಡಿ ಹೊಲಿಗೆ ಅದಕ್ಕೆ ಬರುವುದಿಲ್ಲ, ನೇರ ಸಾಲೇ ಸಾಕಾಯಿತು. 16ರ ಸೂಜಿ ಪಟಪಟ ಮುರಿಯುತ್ತದೆ, 18 ಹಾಕಿ. ಶಟಲ್ ಒಳಗೆ ಉಣ್ಣೆ ಧೂಳು ತುಂಬುತ್ತದೆ, ಬಾಬಿನ್ ಬದಲಿಸುವಾಗಲೆಲ್ಲ ಹಳೆ ಹಲ್ಲುಜ್ಜುವ ಬ್ರಷ್ಷಿನಲ್ಲಿ ತೆಗೆಯದಿದ್ದರೆ ಅಡಿದಾರ ಗಂಟುಗಂಟು. ಮಗ್ಗದಲ್ಲೇ ನೇಯ್ದು ಮುಗಿದ ಅಂಚು ಚೀಲದ ಬಾಯಿಗೆ ಬರುವಂತೆ ಬಟ್ಟೆ ತಿರುಗಿಸಿಕೊಂಡರೆ ಜಿಪ್ ಕೂರುವ ಜಾಗದಲ್ಲಿ ಕತ್ತರಿಯ ಕೆಲಸವೇ ಇಲ್ಲ. ಜಿಪ್ ಕಳಚುವ ಕಾಟ ಹೋದದ್ದು ಇದರಿಂದಲೇ.

ಉಳಿದ ಅಂಚಿಗೆ ಪಟ್ಟಿ. ನವಾರ ಪಟ್ಟಿ ಗಟ್ಟಿ ಅಂತ ತರಿಸಿದ್ದೆ. ಹತ್ತಿಯದು ಅಂತ ಬಿಲ್ಲಿನಲ್ಲಿದೆ, ಸುಟ್ಟರೆ ಅದೂ ಮಣಿ! ಈ ಊರಿಗೆ ಹತ್ತಿ ಹೊಸದಾ ಹೇಳಿ. ನಿಜವಾದ ಹತ್ತಿಯದೇ ಸಿಕ್ಕರೂ ಮೂಲೆಯಲ್ಲಿ ಅದು ತಿರುಗುವುದಿಲ್ಲ, ಮಡಿಕೆ ಬೀಳುತ್ತದೆ. ಹಾಗಾಗಿ ಹಳೆಯ ಹತ್ತಿ ಸೀರೆಯಿಂದ ಕ್ರಾಸ್ ಪಟ್ಟಿ. ನೂಲಿಗೆ ಓರೆಯಾಗಿ ಕತ್ತರಿಸಿದ ಬಟ್ಟೆ ಹಿಗ್ಗುತ್ತದೆ, ದುಂಡು ಮೂಲೆಯನ್ನು ತಬ್ಬಿಕೊಂಡು ಕೂರುತ್ತದೆ. ಕರಿ ಕಂಬಳಿಗೆ ಚಿಕ್ಕಮ್ಮನ ಹಳೆ ಸೀರೆಯ ಕೆಂಪು ಪಟ್ಟಿ ಬಿದ್ದ ಮೇಲೆ ಚೀಲದ ಕಳೆಯೇ ಬೇರೆ. ಅದನ್ನು ನೋಡಿ ಒಬ್ಬರು ನೂರು ರೂಪಾಯಿ ಹೆಚ್ಚು ಕೊಟ್ಟರು, ಪಟ್ಟಿಯ ಹಿಂದಿನ ಗೋಳು ಅವರಿಗೆ ಗೊತ್ತಿಲ್ಲ.

ಇದರ ನಡುವೆ ತಲೆ ಬೇರೆ ಕಡೆ ಹೋಗಿದೆ. ಕುರಿಗಾರರು ಕತ್ತರಿಸಿದ ದಖನಿ ಉಣ್ಣೆಗೆ ಈಗ ಕೇಳುವವರಿಲ್ಲ. ಒರಟು, ಸ್ವೆಟರಿಗೆ ಆಗದು ಅಂತ ಎಷ್ಟೋ ಕಡೆ ಹೊಲದ ಬದುವಿಗೆ ಎಸೆಯುತ್ತಾರೆ. ಆಪರೇಷನ್ ಆದ ನಾಯಿಗೆ ವಾರಗಟ್ಟಲೆ ಓಡಾಟವಿಲ್ಲ, ಒಂದೇ ಮಗ್ಗುಲಲ್ಲಿ ಬಿದ್ದುಕೊಂಡರೆ ಮೊಣಕೈಗೆ ಹುಣ್ಣಾಗುತ್ತದೆ. ಆ ಉಣ್ಣೆಯನ್ನು ತೊಳೆದು ತುಂಬಿ ದಪ್ಪ ಹಾಸಿಗೆ ಮಾಡಿದರೆ? ಸ್ಪಂಜಿನಷ್ಟು ಬೇಗ ಚಪ್ಪಟೆಯಾಗುವುದಿಲ್ಲ, ಆದರೂ ಬಿಚ್ಚಿ, ಎಕ್ಕಿ (ಹಿಂಜಿ ಹಗುರ ಮಾಡಿ) ಮತ್ತೆ ತುಂಬಬಹುದು. ಒಂದು ಮೂಟೆ ಆಗಲೇ ತಂದಿಟ್ಟಿದ್ದೇನೆ. ಕಸ, ಮುಳ್ಳು, ಉಣ್ಣೆಯಷ್ಟೇ ಪಾಲು ಉಣ್ಣಿ. ಅದನ್ನು ಮನೆಯೊಳಗೆ ತಂದದ್ದಕ್ಕೆ ಆದ ಗಲಾಟೆ ಇಲ್ಲಿ ಬೇಡ. ಮೂಟೆ ಈಗ ಟೆರೇಸಿನಲ್ಲಿ ಬಿಸಿಲು ಕಾಯುತ್ತಿದೆ. ಅಂಟುವಾಳ ಎಷ್ಟು, ನೀರು ಎಷ್ಟು ಬಿಸಿ, ಯಾರಾದರೂ ಮಾಡಿ ನೋಡಿದ್ದರೆ ತಿಳಿಸಿ. ಎಕ್ಕಲು ದುರ್ಗದಲ್ಲಿ ಯಾರಾದರೂ ಉಳಿದಿದ್ದಾರಾ ಅನ್ನುವುದೂ ಬೇಕು.

ಮತ್ತೆ ಚೀಲಕ್ಕೆ ಬಂದರೆ, ಹಳೆಯ ಕಂತಿನವನ್ನೆಲ್ಲ ವಾಪಸ್ ತರಿಸಿಕೊಂಡು ಹೊಸ ಪಟ್ಟಿ ಹಾಕಿ ಕಳಿಸುತ್ತಿದ್ದೇನೆ, ಕೊರಿಯರ್ ನನ್ನದೇ. ಹೊಸ ಆರ್ಡರುಗಳಲ್ಲಿ 14 ಇಂಚಿನವು ಈ ತಿಂಗಳು ಹೋಗುತ್ತವೆ. 16 ಇಂಚಿನವಕ್ಕೆ ಕಾಯಬೇಕು. ಕಾರಣ ಜಿಪ್. 8ನೇ ನಂಬರ್ ಕೇಳಿದರೆ 5 ಕಳಿಸಿದ್ದಾರೆ, ಬದಲಿಸಿ ಅಂದರೆ ಫೋನೇ ಎತ್ತುತ್ತಿಲ್ಲ. ಹಳೆಯ ಹತ್ತಿ ಸೀರೆ ಕೊಡುವವರಿದ್ದರೆ ಬಣ್ಣ ಬಿಡದ್ದು ಕೊಡಿ, ಪಾಲಿಯೆಸ್ಟರ್ ಬೇಡ. ಕೊಟ್ಟವರ ಎದುರಿಗೇ ಸುಟ್ಟು ನೋಡುತ್ತೇನೆ, ಬೇಜಾರು ಮಾಡಿಕೊಳ್ಳಬಾರದು.

ಕೆಂಚಿಯ ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಕಡಿಮೆ ಬಂದಿದೆ. ಉಣ್ಣಿಜ್ವರ ಅಂತ ಡಾಕ್ಟರ ಅನುಮಾನ, ಡಾಕ್ಸಿಸೈಕ್ಲಿನ್ ಶುರುವಾಗಿದೆ. ಆ ಸಂಖ್ಯೆ ಏರದೆ ಅರಿವಳಿಕೆ ಕೊಡುವುದಿಲ್ಲ, ಹಾಗಾಗಿ ಸಿ.ಟಿ. ತಾರೀಖು ಮುಂದಕ್ಕೆ ಹೋಗಿದೆ. ಮಾತ್ರೆಯನ್ನು ಬೆಣ್ಣೆಯಲ್ಲಿ ಮುಚ್ಚಿ ಕೊಟ್ಟರೆ ಬೆಣ್ಣೆ ತಿಂದು ಮಾತ್ರೆಯನ್ನು ನನ್ನ ಹೊಲಿಗೆ ಮಷೀನಿನ ಪೆಡಲ್ ಕೆಳಗೆ ಉಗಿದು ಹೋಗುತ್ತಾಳೆ. ಶೇಂಗಾ ಚಟ್ನಿಪುಡಿ ಉಂಡೆಯಲ್ಲಿ ಕೊಟ್ಟುನೋಡಿ ಅಂತ ಯಾರೋ ಹೇಳಿದರು. ಖಾರ ಬೇಡ, ಬರೀ ಹುರಿದ ಶೇಂಗಾ ಕುಟ್ಟಿ ನೋಡುತ್ತೇನೆ.