ಬೀಡು ತಿರುಗ್ತಾ ಇತ್ತು

ಮಳೆಗಾಲದಲ್ಲಿ ಕಾರವಾರದಲ್ಲಿ ಕರೆಂಟ್ ಹೋಗುವುದು ಹೊಸತಲ್ಲ. ಈ ಸಲ ಹೋಗಿದ್ದು, ಎಣ್ಣೆಯನ್ನು ಜೆಲ್ ಮಾಡಲು ಕಾಯಿಸಿ ಕಲಕುವ ಪ್ಲೇಟಿನ ಮೇಲಿಟ್ಟ ಬೀಕರ್ 85 ಡಿಗ್ರಿಯಲ್ಲಿದ್ದಾಗ. 98 ಗ್ರಾಂ ಸೂರ್ಯಕಾಂತಿ ಎಣ್ಣೆ, 2 ಗ್ರಾಂ 12-ಹೈಡ್ರಾಕ್ಸಿಸ್ಟಿಯರಿಕ್ ಆಮ್ಲ; ಹರಳೆಣ್ಣೆಯಿಂದ ಬರುವ ಮಾಲು. ತಣಿಯುವಾಗ ಈ ಆಮ್ಲದ ಅಣುಗಳ ಕಾರ್ಬಾಕ್ಸಿಲ್ (ಆಮ್ಲ ಗುಣದ) ತುದಿಗಳು ಎರಡೆರಡಾಗಿ ಜೋಡಿ ಕೂರುತ್ತವೆ, ಹನ್ನೆರಡನೇ ಕಾರ್ಬನ್ನಿನ ಓಎಚ್‌ಗಳು ಸಾಲಾಗಿ ಹೈಡ್ರೋಜನ್ ಬಂಧ ಹೆಣೆಯುತ್ತವೆ. ಹೀಗೆ ಹುಟ್ಟಿದ ಸೂಕ್ಷ್ಮ ನೂಲು ಬಲೆಯಾಗಿ ಅಷ್ಟೂ ಎಣ್ಣೆಯನ್ನು ಹಿಡಿದು ನಿಲ್ಲಿಸುತ್ತದೆ.

ಕರೆಂಟ್ ಬಂದಾಗ ಪುನಃ ಕಾಯದಿರಲಿ ಎಂದು ಹೀಟರ್ ಗುಂಡಿಯನ್ನು ಸೊನ್ನೆಗೆ ತಂದೆ. ನಿಧಾನಕ್ಕೆ ತಣಿದರೆ ನೂಲು ಉದ್ದ ಬರುತ್ತದೆ, ಒಳ್ಳೆಯದೇ ಆಯ್ತು ಅಂದುಕೊಂಡೆ. ಬೀಕರಿನೊಳಗಿನ ಬೀಡನ್ನು, ಅಂದರೆ ಕಲಕುವ ಮ್ಯಾಗ್ನೆಟ್ ತುಂಡನ್ನು, ತಿರುಗಿಸುವ ಗುಂಡಿ ಹಾಗೇ ಇತ್ತು.

ಇಪ್ಪತ್ತು ನಿಮಿಷದ ಮೇಲೆ ಕರೆಂಟ್ ಬಂತು. ಅರ್ಧ ಗಂಟೆ ಬಿಟ್ಟು ಬೀಕರ್ ಓರೆ ಮಾಡಿದರೆ ಜೆಲ್ ಇಲ್ಲ, ಒಡೆದ ಹಾಲಿನ ಹಾಗೆ ರವೆರವೆ, ಮೇಲೆ ಎಣ್ಣೆ. ನನ್ನ ಅನುಮಾನ ನೇರ ಆಮ್ಲದ ಬಾಟಲಿಯ ಮೇಲೆ. ಈ ಅಣುವಿಗೆ ಎಡಗೈ-ಬಲಗೈ ಹಾಗೆ ಕನ್ನಡಿ ಬಿಂಬದ ಎರಡು ರೂಪ; ಹರಳೆಣ್ಣೆಯದಾದರೆ ಅಣುವೆಲ್ಲ ಒಂದೇ ಕೈಯದು. ಎಡ-ಬಲ ಎರಡೂ ಬೆರೆತ ಮಾಲಿನಲ್ಲಿ ತಿರುಚಿದ ನೂಲಿನ ಬದಲು ಚಪ್ಪಟೆ ಹರಳು ಹುಟ್ಟುತ್ತದೆ, ಜೆಲ್ ನಿಲ್ಲುವುದಿಲ್ಲ. ಲಾಟ್ ನಂಬರ್ ಸಮೇತ ಸಪ್ಲೈಯರ್‌ಗೆ ಖಾರವಾಗಿ ಮೇಲ್ ಹೊಡೆದೆ.

"ಸರ್, ಬೀಡು ತಿರುಗ್ತಾ ಉಂಟಲ್ಲ?" ಅಂದರು ತೊಳೆಯಲಿಕ್ಕೆ ಬಂದ ಲ್ಯಾಬ್ ಅಟೆಂಡರ್.

ಹಳೇ ಗುಂಡಿಯ ಪ್ಲೇಟು. ಕರೆಂಟ್ ಬಂದ ಕೂಡಲೇ ತಾನೇ ಕಲಕಲು ಶುರು. ಮಬ್ಬಾದ ಎಣ್ಣೆಯಲ್ಲಿ ಬೀಡು ಕಾಣುವುದಿಲ್ಲ, ತಗಡಿನ ಮೇಲಿನ ಮಳೆಯಲ್ಲಿ ಅದರ ಸದ್ದೂ ಕೇಳುವುದಿಲ್ಲ. ಹೆಪ್ಪಾಗುತ್ತಿದ್ದ ಮೊಸರಿಗೆ ಕಡಗೋಲು ಹಾಕಿದ ಹಾಗಾಗಿತ್ತು.

ಎರಡನೇ ತಪ್ಪು ಅದರ ಬೆನ್ನಿಗೇ. ಪುನಃ ಕಾಯಿಸಿದೆ, ಕಣ್ಣಿಗೆ ತಿಳಿಯಾದ ತಕ್ಷಣ ಇಳಿಸಿದೆ. ಕರಗದೇ ಉಳಿದ ಚೂರುಗಳೇ ಬೀಜವಾಗಿ ಮತ್ತೆ ರವೆ. ಈಗ 85–90 ಡಿಗ್ರಿಯಲ್ಲಿ ಅರ್ಧ ಗಂಟೆ ಹಿಡಿದು, ಬಿಸಿ ಇರುವಾಗಲೇ ಮ್ಯಾಗ್ನೆಟ್ ಕಡ್ಡಿಯಿಂದ ಬೀಡು ತೆಗೆದು, ಬಿಸಿ ಮಾಡಿದ ವಯಲ್‌ಗೆ (ಪುಟ್ಟ ಗಾಜಿನ ಸೀಸೆಗೆ) ಸುರಿಯುತ್ತೇವೆ. ಐಸ್ ಇಲ್ಲ, ಗಡಿಬಿಡಿಯಲ್ಲಿ ತಣಿಸಿದರೆ ನೂಲು ಗಿಡ್ಡ, ಕವಲು ಜಾಸ್ತಿ. ವ್ಯಾಕ್ಯೂಮ್ ಪಂಪ್ ಇದ್ದು ಅದುರುವ ಮೇಜೂ ಬೇಡ. ಮರುದಿನ ಬೆಳಿಗ್ಗೆಯವರೆಗೆ ಯಾರೂ "ಆಯ್ತಾ" ಅಂತ ಅಲ್ಲಾಡಿಸಬಾರದು.

ಯುಪಿಎಸ್ ಕೇಳಿದ್ದೆವು. ಅದು ಆಫೀಸಿನ ಕಂಪ್ಯೂಟರಿಗಂತೆ. ಪ್ಲೇಟಿನ ಪ್ಲಗ್ಗಿನ ಮೇಲೆ ಚೀಟಿ ಅಂಟಿಸಿದ್ದೇವೆ: ಕರೆಂಟ್ ಹೋದರೆ ಮೊದಲು ಇದನ್ನು ಕೀಳಿ.

ಸಪ್ಲೈಯರ್‌ಗೆ ಇನ್ನೊಂದು ಮೇಲ್ ಬರೆಯುವುದಿದೆ. ಲಾಟ್ ಸರಿಯಾಗಿಯೇ ಇತ್ತು.