ಎರಡೂವರೆಗೆ ಫೋನ್ ಮಾಡು

ನನ್ನ ಅಕ್ಕನ ಮಗಳು ಹೋದ ತಿಂಗಳು ಪೀಣ್ಯದ ಒಂದು ಕನ್ಸಲ್ಟೆನ್ಸಿಗೆ ರಿಕ್ರೂಟರ್ ಆಗಿ ಸೇರಿದಳು. ಫ್ಯಾಕ್ಟರಿಗಳಿಗೆ ಐಟಿಐ, ಡಿಪ್ಲೊಮಾ ಹುಡುಗರನ್ನು ಹುಡುಕಿಕೊಡುವ ಕೆಲಸ. ನಾನೂ 2015ರಲ್ಲಿ ಶುರು ಮಾಡಿದ್ದು ಅದೇ ಪೀಣ್ಯದಲ್ಲಿ, ಅದೇ ಕೆಲಸದಿಂದ. ಮೂರನೇ ದಿನ ರಾತ್ರಿ ಫೋನ್ ಮಾಡಿದಳು. "ಚಿಕ್ಕಮ್ಮಾ, ಇವತ್ತು ಎಂಬತ್ತು ಕಾಲ್ ಮಾಡ್ದೆ. ಹತ್ತು ಜನಾನೂ ಎತ್ತಲಿಲ್ಲ. ಎತ್ತಿದವರೂ ಆಮೇಲೆ ಮಾಡಿ ಅಂತ ಇಟ್ಬಿಟ್ರು." ದನಿ ಕುಗ್ಗಿಹೋಗಿತ್ತು.

"ಎಷ್ಟು ಹೊತ್ತಿಗೆ ಮಾಡಿದೆ?"

"ಬೆಳಿಗ್ಗೆ ಹತ್ತರಿಂದ ಒಂದರವರೆಗೆ."

ಅಲ್ಲೇ ಇತ್ತು ತೊಂದರೆ. ಫಸ್ಟ್ ಶಿಫ್ಟ್ ಹುಡುಗರು ಬೆಳಿಗ್ಗೆ ಆರಕ್ಕೆ ಒಳಗೆ ಹೋದರೆ ಹೊರಗೆ ಬರುವುದು ಮಧ್ಯಾಹ್ನ ಎರಡಕ್ಕೆ. ಎಷ್ಟೋ ಕಡೆ ಫೋನನ್ನು ಮಷೀನ್ ಹತ್ತಿರ ತರುವ ಹಾಗೇ ಇಲ್ಲ, ಲಾಕರ್‌ನಲ್ಲಿ ಇಟ್ಟು ಹೋಗಬೇಕು. ನೈಟ್ ಶಿಫ್ಟ್ ಮುಗಿಸಿದವರು ಆ ಹೊತ್ತಿಗೆ ಒಳ್ಳೆ ನಿದ್ದೆಯಲ್ಲಿರುತ್ತಾರೆ. ಎಬ್ಬಿಸಿದರೆ ಬೈಯದೇ ಇದ್ದರೆ ಅದು ಅವರ ದೊಡ್ಡತನ. ಫಸ್ಟ್ ಶಿಫ್ಟಿನವರಿಗೆ ಎರಡೂವರೆಗೆ ಮಾಡಬೇಕು, ಬಸ್ಸಿಗೆ ಕಾಯುತ್ತಾ ನಿಂತಿರುತ್ತಾರೆ, ಮಾತಾಡುತ್ತಾರೆ. ಸೆಕೆಂಡ್ ಶಿಫ್ಟಿನವರಿಗೆ ಬೆಳಿಗ್ಗೆ ಹನ್ನೊಂದು. ಜನರಲ್ ಶಿಫ್ಟಿಗೆ ಸಂಜೆ ಆರರ ಮೇಲೆ. ಶಿಫ್ಟ್ ವಾರ ವಾರ ಬದಲಾಗುತ್ತೆ. ಅದಕ್ಕೇ ನನ್ನ ಎಕ್ಸೆಲ್ ಟ್ರ್ಯಾಕರ್‌ನಲ್ಲಿ ಅನುಭವ, ಈಗಿನ ಸಂಬಳ, ನೋಟಿಸ್ ಪೀರಿಯಡ್ ಇವುಗಳ ಪಕ್ಕದಲ್ಲೇ "ಈ ವಾರ ಯಾವ ಶಿಫ್ಟ್" ಅಂತ ಒಂದು ಕಾಲಂ ಇಟ್ಟಿದ್ದೇನೆ. ಯಾವ ಟ್ರೇನಿಂಗ್‌ನಲ್ಲೂ ನನಗೆ ಇದನ್ನು ಹೇಳಿಕೊಟ್ಟಿರಲಿಲ್ಲ.

ಅವಳಿಗೆ ಅವತ್ತು ಹೇಳಿದ್ದನ್ನೂ ಹೇಳಲು ಮರೆತದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ಇನ್ಯಾರಾದರೂ ಹೊಸಬರಿಗೂ ಬೇಕಾಗಬಹುದು.

ಸೇರಿದ ಹೊಸದರಲ್ಲಿ ನನ್ನ ಕೈಗೆ ಬಂದ ಮೊದಲ ಬೇಡಿಕೆ "ವಿಎಂಸಿ ಆಪರೇಟರ್ ಕಂ ಸೆಟ್ಟರ್, ಎರಡು ವರ್ಷ ಅನುಭವ" ಅಂತ. ವಿಎಂಸಿ ಅಂದರೆ ಕಂಪ್ಯೂಟರ್ ಹೇಳಿದ ಹಾಗೆ ಲೋಹ ಕೊರೆಯುವ ಮಷೀನು. ರೆಸ್ಯೂಮೆಯಲ್ಲಿ ವಿಎಂಸಿ ಅಂತ ಕಂಡವರಿಗೆಲ್ಲ ಫೋನ್ ಮಾಡಿ ಆರು ಜನರನ್ನು ಕಳಿಸಿದೆ. ಐದು ಜನ ಹತ್ತು ನಿಮಿಷಕ್ಕೇ ವಾಪಸ್. ಒಬ್ಬ ತುಮಕೂರಿನಿಂದ ಅರ್ಧ ದಿನ ರಜೆ ಹಾಕಿ ಬಂದಿದ್ದ. ಅಲ್ಲಿನ ಸೂಪರ್‌ವೈಸರ್ ನನ್ನ ಮೇಲೆ ಕೂಗಾಡಲಿಲ್ಲ. "ಬಾಮ್ಮ, ಒಂದ್ಸಲ ಒಳಗೆ ಬಂದು ನೋಡು" ಅಂದರು.

ಕೂಲಂಟ್ ವಾಸನೆ, ಕಿವಿ ತುಂಬ ಸದ್ದು. ಒಬ್ಬ ಹುಡುಗ ಮಷೀನಿನ ಬಾಗಿಲು ಸರಿಸಿ, ವೈಸ್‌ನಲ್ಲಿ ಅಲ್ಯೂಮಿನಿಯಂ ತುಂಡು ಬಿಗಿದು, ಬಾಗಿಲು ಹಾಕಿ ಹಸಿರು ಬಟನ್ ಒತ್ತಿದ. ಮುಗಿದಾಗ ತೆಗೆದು ಗಾಳಿ ಹೊಡೆದು ವರ್ನಿಯರ್‌ನಲ್ಲಿ ಅಳೆದ. "ಇವನು ಆಪರೇಟರ್" ಅಂದರು. ಪಕ್ಕದ ಮಷೀನಿನಲ್ಲಿ ಇನ್ನೊಬ್ಬ ತುಂಡಿನ ಅಂಚನ್ನು ಮೆಲ್ಲಗೆ ಮುಟ್ಟಿಸಿ ಮುಟ್ಟಿಸಿ, ಸೊನ್ನೆ ಎಲ್ಲಿಂದ ಶುರು ಅಂತ ಜಿ 54 ಅನ್ನುವ ಜಾಗದಲ್ಲಿ ತುಂಬುತ್ತಿದ್ದ. ಆಮೇಲೆ ಒಂದೊಂದೇ ಟೂಲಿನ ಉದ್ದ ಅಳೆದು ಮಷೀನಿಗೆ ತುಂಬಿದ, ಅದಕ್ಕೇ ಆಫ್‌ಸೆಟ್ ಹಾಕೋದು ಅನ್ನುತ್ತಾರೆ. ಅವನು ಸೆಟ್ಟರ್. ಒಂದು ಅಂಕಿ ತಪ್ಪಿದರೆ ಟೂಲ್ ಹೋಗಿ ವೈಸಿಗೇ ಗುದ್ದುತ್ತೆ, ಸ್ಪಿಂಡಲ್ ಹಾಳಾಗುತ್ತೆ. ನಾನು ಕಳಿಸಿದ್ದ ಐವರೂ ಬಟನ್ ಒತ್ತುವವರು. ಅವರ ತಪ್ಪಿರಲಿಲ್ಲ, ನಾನು ಕೇಳಿರಲಿಲ್ಲ.

ಅವತ್ತಿನಿಂದ ಫೋನಿನಲ್ಲಿ ಮೂರು ಪ್ರಶ್ನೆ ಕೇಳದೆ ಯಾರನ್ನೂ ಇಂಟರ್‌ವ್ಯೂಗೆ ಲೈನಪ್ ಮಾಡಿಲ್ಲ. ಟೂಲ್ ಆಫ್‌ಸೆಟ್ ನೀವೇ ಹಾಕ್ತೀರಾ, ಬೇರೆಯವರು ಹಾಕಿಕೊಡ್ತಾರಾ? ಕಂಟ್ರೋಲ್ (ಮಷೀನ್ ನಡೆಸುವ ಕಂಪ್ಯೂಟರ್) ಯಾವ ಕಂಪನಿಯದು, ಫ್ಯಾನುಕ್ಕಾ ಸೀಮೆನ್ಸಾ? ನೀವು ಬಳಸೋ ಮೈಕ್ರೋಮೀಟರ್ ಲೀಸ್ಟ್ ಕೌಂಟ್ (ಅದು ತೋರಿಸುವ ಅತಿ ಸಣ್ಣ ಅಳತೆ) ಎಷ್ಟು? ಕೆಲಸ ಮಾಡಿದವನು 0.01 ಮಿಲಿಮೀಟರ್ ಅಂತ ತಟ್ಟನೆ ಹೇಳುತ್ತಾನೆ. ತಡವರಿಸಿದವನನ್ನು ಕೆಲಸ ಬರದವನು ಅಂತ ತಳ್ಳಿಬಿಡಬೇಡ, ಅವನಿಗೆ ಆಪರೇಟರ್ ಕೆಲಸ ನೋಡು. ಐಟಿಯವರಿಗೆ ಜನ ಹುಡುಕುವವರಿಗೂ ಇದೇ ಮಾತು. ಜಾವಾ ಬೇರೆ, ಜಾವಾಸ್ಕ್ರಿಪ್ಟ್ ಬೇರೆ ಅಂತ ತಿಳಿಯದೆ ಫೋನ್ ಎತ್ತಬಾರದು.

ಇನ್ನು ಸಂಬಳದ ವಿಷಯ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳಬೇಕು, ಏಕೆಂದರೆ ನನ್ನಿಂದ ಒಬ್ಬ ಹುಡುಗನಿಗೆ ನಿಜವಾಗಿಯೂ ಅನ್ಯಾಯವಾಯಿತು. 2017. ರಾಣೆಬೆನ್ನೂರಿನ ಕಡೆಯವನು. ಕಂಪನಿ ಕೊಟ್ಟ ಸಿಟಿಸಿ, ಅಂದರೆ ಅವನಿಗಾಗಿ ಕಂಪನಿ ತಿಂಗಳಿಗೆ ಮಾಡುವ ಒಟ್ಟು ಖರ್ಚು, ಇಪ್ಪತ್ನಾಲ್ಕು ಸಾವಿರದ ಚಿಲ್ಲರೆ. ನಮ್ಮ ಆಫೀಸಿನಲ್ಲಿ ಎಲ್ಲರೂ ಸಿಟಿಸಿಯನ್ನೇ ಹೇಳುತ್ತಿದ್ದರು, ನಾನೂ "ಇಪ್ಪತ್ನಾಲ್ಕು" ಅಂದೆ. ಅವನು ಸಾಲ ಮಾಡಿ ದಾಸರಹಳ್ಳಿಯಲ್ಲಿ ರೂಮಿಗೆ ಅಡ್ವಾನ್ಸ್ ಕೊಟ್ಟ. ಮೊದಲ ಸಂಬಳ ಬಿದ್ದ ದಿನ ಫೋನ್ ಮಾಡಿದ. "ಮೇಡಂ, ನೀವು ಇಪ್ಪತ್ನಾಲ್ಕು ಅಂದಿದ್ರಿ. ಹದಿನೇಳೂವರಿ ಬಂದೈತಿ. ಮನಿಯಾಗ ಏನಂತ ಹೇಳ್ಲಿ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡು ವಾರದಲ್ಲಿ ಬಿಟ್ಟು ಊರಿಗೆ ಹೋದ. ಆ ಮಾತು ಇವತ್ತಿಗೂ ಕಿವಿಯಲ್ಲಿದೆ.

ಆ ರಾತ್ರಿ ನಮ್ಮ ಅಕೌಂಟೆಂಟ್ ಸರ್ ಹತ್ತಿರ ಕೂತು ಲೆಕ್ಕ ಕಲಿತೆ. ಈಗಿನ ದರದಲ್ಲಿ ಹೇಳುತ್ತೇನೆ, ಪೆನ್ನು ಹಿಡಿದು ನೀವೂ ಹಾಕಿ. ಗ್ರಾಸ್ (ಏನೂ ಕಟ್ ಆಗುವ ಮುಂಚಿನ ಸಂಬಳ) 20,000, ಅದರಲ್ಲಿ ಬೇಸಿಕ್ (ಮೂಲ ವೇತನ) 15,000 ಅಂತಿಟ್ಟುಕೊಳ್ಳಿ. ಕಂಪನಿ ತನ್ನ ಪಾಲಿಗೆ ಕಟ್ಟುವ ಪಿಎಫ್ (ಭವಿಷ್ಯ ನಿಧಿ) 1,800, ಇಎಸ್‌ಐ (ಕಾರ್ಮಿಕರ ವಿಮೆ) ಗ್ರಾಸ್‌ನ ಶೇ 3.25ರಂತೆ 650. ಬೋನಸ್ ಬೇಸಿಕ್‌ನ ಶೇ 8.33, ಅಂದರೆ 1,250. ಗ್ರಾಚ್ಯುಟಿ (ಕೆಲಸ ಬಿಟ್ಟಾಗ ಸಿಗುವ ಉಪದಾನ) ಸುಮಾರು 720. ಎಲ್ಲ ಸೇರಿ ಸಿಟಿಸಿ 24,420 ಆಯಿತು. ಹುಡುಗನ ಕಡೆಯಿಂದ ಮತ್ತೆ ಪಿಎಫ್ 1,800, ಇಎಸ್‌ಐ ಶೇ 0.75ರಂತೆ 150 ಕಟ್ ಆಗುತ್ತೆ. ತಿಂಗಳ ಕೊನೆಗೆ ಕೈಗೆ ಬರುವುದು 18,050. ಕ್ಯಾಂಟೀನ್, ಬಸ್ಸಿಗೆ ಹಿಡಿದುಕೊಂಡರೆ ಇನ್ನೂ ಕಡಿಮೆ. ಪಿಎಫ್ ಅವನದೇ ದುಡ್ಡು, ಇಎಸ್‌ಐನಿಂದ ಮನೆಯವರಿಗೂ ಆಸ್ಪತ್ರೆ ಸಿಗುತ್ತೆ, ಅದನ್ನೂ ಬಿಡಿಸಿ ಹೇಳಬೇಕು. ಆದರೆ ಮೊದಲು ಬಾಯಿಂದ ಬರಬೇಕಾದದ್ದು "ಕೈಗೆ ಹದಿನೆಂಟು" ಅನ್ನುವ ಮಾತು. ಬಾಡಿಗೆ ಕಟ್ಟುವುದು ಆ ದುಡ್ಡಿನಲ್ಲಿ. ಕೇಳಿ ಕೆಲವರು ಬೇಡ ಅನ್ನುತ್ತಾರೆ. ಅನ್ನಲಿ. ಬೇಡ ಅನ್ನುವವನು ಇವತ್ತೇ ಅಂದರೆ ಅವನಿಗೂ ಒಳ್ಳೆಯದು, ನಮಗೂ ಒಳ್ಳೆಯದು.

ನಮಗೆ ಹೇಗೆ ಅಂದರೆ, ಕನ್ಸಲ್ಟೆನ್ಸಿಗೆ ದುಡ್ಡು ಬರುವುದು ಕಂಪನಿಯಿಂದ. ಸಾಮಾನ್ಯವಾಗಿ ವರ್ಷದ ಸಿಟಿಸಿಯ ಶೇ 8.33, ಅಂದರೆ ಒಂದು ತಿಂಗಳ ಮೊತ್ತ. ಸೇರಿದವನು ಮೂರು ತಿಂಗಳೊಳಗೆ ಬಿಟ್ಟರೆ ಬದಲಿ ಜನ ಕೊಡಬೇಕು ಅಂತ ಹೆಚ್ಚಿನ ಒಪ್ಪಂದಗಳಲ್ಲಿ ಇರುತ್ತೆ. ಸುಳ್ಳು ಹೇಳಿ ಸೇರಿಸಿದ ಕೆಲಸ ಎರಡು ಸಲ ಮಾಡಬೇಕಾಗುತ್ತೆ.

ಹುಡುಗರ ಹತ್ತಿರ ನೋಂದಣಿ ಶುಲ್ಕ, ಯೂನಿಫಾರಂ ಡಿಪಾಸಿಟ್ ಅಂತ ದುಡ್ಡು ಕೇಳುವ ಆಫೀಸಿನಲ್ಲಿ ಒಂದು ದಿನವೂ ಇರಬೇಡಿ. ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಆಧಾರ್, ಮಾರ್ಕ್ಸ್ ಕಾರ್ಡಿನ ಫೋಟೊಗಳನ್ನು ವಾಟ್ಸಾಪ್ ಗ್ರೂಪಿಗೆ ಹಾಕುವ ಚಾಳಿಯೂ ಬೇಡ.

ಆಫರ್ ಲೆಟರ್ ಕೈಗೆ ಬಂದ ಮೇಲೂ ಕೆಲಸ ಮುಗಿಯಲಿಲ್ಲ. "ಆಷಾಢ ಕಳೀಲಿ ಮೇಡಂ" ಅನ್ನುತ್ತಾರೆ, "ಅಮಾವಾಸ್ಯೆ ದಿನ ಬೇಡ" ಅನ್ನುತ್ತಾರೆ. ಅದನ್ನು ನೆಪ ಅಂದುಕೊಂಡು ರೇಗಬಾರದು, ಅವರ ಅಮ್ಮ ಹೇಳಿರುತ್ತಾರೆ. ಎಚ್‌ಆರ್ ಹತ್ತಿರ ಮಾತಾಡಿ ನಾಲ್ಕು ದಿನ ಮುಂದೆ ಹಾಕಿಸು. ಬೋನಸ್ ಕೈಗೆ ಬರುವ ತನಕ ಯಾರೂ ಹಳೇ ಕಂಪನಿ ಬಿಡುವುದಿಲ್ಲ, ಬಿಡು ಅನ್ನುವುದು ನ್ಯಾಯವೂ ಅಲ್ಲ. ಆಯುಧಪೂಜೆಗೆ ತಾನು ನಡೆಸಿದ ಮಷೀನಿಗೆ ತಾನೇ ಕುಂಬಳಕಾಯಿ ಒಡೆದು ಹೊರಡಬೇಕು ಅಂತ ಇರುವವರನ್ನೂ ಕಂಡಿದ್ದೇನೆ. ಸೇರುವ ಹಿಂದಿನ ರಾತ್ರಿ ಒಂದು ಫೋನ್ ಮಾಡಿ "ರೂಮು ಸಿಕ್ತಾ? ಮನೇಲಿ ಒಪ್ಪಿದ್ರಾ? ರಾತ್ರಿ ಶಿಫ್ಟಿಗೆ ಬಸ್ ಇದೆಯಾ ಅಂತ ಕೇಳ್ಕೊಂಡ್ರಾ?" ಅಂತ ವಿಚಾರಿಸಿದರೆ ಅರ್ಧ ಜನರ ಅಂಜಿಕೆ ಅಲ್ಲೇ ಇಳಿಯುತ್ತೆ.

ಸೆಲೆಕ್ಟ್ ಆಗದವರಿಗೂ ಅದೇ ದಿನ ಸಂಜೆ ಫೋನ್ ಮಾಡಿ. ಇದನ್ನು ಮಾಡುವವರು ತೀರಾ ಕಡಿಮೆ. "ನೋಡ್ತೀವಿ, ಹೇಳ್ತೀವಿ" ಅಂದು ಸುಮ್ಮನಾದರೆ ಆ ಹುಡುಗ ವಾರಗಟ್ಟಲೆ ಬೇರೆ ಕಡೆ ಹೋಗದೆ ಕಾಯುತ್ತಾನೆ. ಆಗಲಿಲ್ಲ, ಆಫ್‌ಸೆಟ್ ಹಾಕೋದು ಕಲ್ತ್ಕೊಳ್ಳಿ, ಆರು ತಿಂಗಳು ಬಿಟ್ಟು ನಾನೇ ಕರೀತೀನಿ ಅಂತ ಹೇಳಲು ಎರಡು ನಿಮಿಷ ಸಾಕು. ಹೇಳಿದ ಮೇಲೆ ತಾರೀಕು ಬರೆದಿಟ್ಟುಕೊಂಡು ಕರೆಯಬೇಕು.

ಅಕ್ಕನ ಮಗಳು ಮೊನ್ನೆ ಮತ್ತೆ ಫೋನ್ ಮಾಡಿದ್ದಳು. ಎರಡೂವರೆಗೆ ಮಾಡಿದರೆ ಎತ್ತುತ್ತಿದ್ದಾರಂತೆ. ಆದರೆ ಸರ್ಫೇಸ್ ಗ್ರೈಂಡರ್, ಸಿಲಿಂಡ್ರಿಕಲ್ ಗ್ರೈಂಡರ್ ಅಂದರೆ ಏನು ವ್ಯತ್ಯಾಸ ಅಂತ ಗೊತ್ತಾಗುತ್ತಿಲ್ಲ ಚಿಕ್ಕಮ್ಮಾ ಅಂದಳು. ನನ್ನನ್ನು ಒಳಗೆ ಕರೆದುಕೊಂಡು ಹೋಗಿದ್ದ ಅದೇ ಸೂಪರ್‌ವೈಸರ್‌ಗೆ ಹೇಳಿದ್ದೇನೆ, ಶನಿವಾರ ಕರ್ಕೊಂಡು ಬಾ ಅಂದಿದ್ದಾರೆ. ಚಪ್ಪಲಿ ಬೇಡ, ಶೂ ಹಾಕಿಕೊಂಡು ಬಾ, ವೇಲನ್ನು ಪಿನ್ ಮಾಡಿಕೋ, ನೆಲದ ಮೇಲೆಲ್ಲ ಕಬ್ಬಿಣದ ಚೂರು ಬಿದ್ದಿರುತ್ತೆ ಅಂತ ಅವಳಿಗೆ ಹೇಳಿದ್ದೇನೆ.