ಒಂದು ಕುಲಾವಿಯ ಅಂಚಿಗಾಗಿ ಮತ್ತೆ ಬಾಬಿನ್ ಲೇಸು

ಅಕ್ಕನ ಮಗಳಿಗೆ ದೀಪಾವಳಿಯ ಹೊತ್ತಿಗೆ ಹೆರಿಗೆಯಾಗಲಿದೆ. ಹುಟ್ಟುವ ಮಗುವಿನ ಕುಲಾವಿಗೆ ಅಂಗಡಿಯ ಲೇಸು ಬೇಡ, ನನ್ನ ಕೈಯಾರೆ ಹೆಣೆದದ್ದನ್ನೇ ಹಚ್ಚಬೇಕು ಎಂದು ಮನಸ್ಸಾದ ದಿನ, ದಾವಣಗೆರೆಯ ನಮ್ಮ ಮನೆಯ ಅಟ್ಟದ ಮೇಲಿದ್ದ ತಗಡಿನ ಪೆಟ್ಟಿಗೆಯನ್ನು ಕೆಳಗಿಳಿಸಿದೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅದನ್ನು ಯಾರೂ ತೆರೆದಿರಲಿಲ್ಲ. ಒಳಗೆ ನಾನು ಹಿಂದೆ ಬಾಬಿನ್ ಲೇಸು ಹೆಣೆಯುತ್ತಿದ್ದ ಸಾಮಾನುಗಳಿದ್ದವು. ಎಳೆ ಸುತ್ತುವ ಮರದ ಕಡ್ಡಿಗಳು, ಅಂದರೆ ಬಾಬಿನ್‌ಗಳು, 24 ಇದ್ದವು, ಅವುಗಳಲ್ಲಿ ಒಂಬತ್ತು ಸೀಳಿಹೋಗಿದ್ದವು. ದಿಂಬಿನ ಹುಲ್ಲು ಪುಡಿಯಾಗಿತ್ತು, ಗುಂಡುಸೂಜಿಗಳಿಗೆ ತುಕ್ಕು ಹಿಡಿದಿತ್ತು.

ನಮ್ಮ ಕಡೆ ಕೈಯಿಂದ ಮಾಡಿದ ಲೇಸು ಎಂದರೆ ಎಲ್ಲರಿಗೂ ಕ್ರೋಶಾ ನೆನಪಾಗುತ್ತದೆ. ಆಂಧ್ರದ ನರಸಾಪುರದ ಹೆಸರಾಂತ ಲೇಸು ಕೂಡ ಕೊಕ್ಕೆಯಿಂದ ಹೆಣೆಯುವ ಕ್ರೋಶಾವೇ. ಬಾಬಿನ್ ಲೇಸಿನಲ್ಲಿ ಕೊಕ್ಕೆಯೂ ಇಲ್ಲ, ಸೂಜಿ-ದಾರದ ಹೊಲಿಗೆಯೂ ಇಲ್ಲ. ಗಟ್ಟಿ ದಿಂಬಿನ ಮೇಲೆ ಚುಕ್ಕೆ ಚುಚ್ಚಿದ ನಕ್ಷೆಯ ರಟ್ಟನ್ನು ಹಾಸಿ, ಚುಕ್ಕೆಗೊಂದರಂತೆ ಗುಂಡುಸೂಜಿ ನೆಡುತ್ತಾ, ಮರದ ಕಡ್ಡಿಗಳಿಗೆ ಸುತ್ತಿದ ಎಳೆಗಳನ್ನು ಒಂದರ ಮೇಲೊಂದು ದಾಟಿಸಿ ಹೆಣೆಯುವ ಕೆಲಸ ಇದು. 16ನೇ ಶತಮಾನದಲ್ಲಿ ಇಟಲಿಯಲ್ಲಿಯೂ ಫ್ಲಾಂಡರ್ಸ್ ಸೀಮೆಯಲ್ಲಿಯೂ ಬೆಳೆದ ಈ ವಿದ್ಯೆಯನ್ನು, 1820ರ ಆಸುಪಾಸಿನಲ್ಲಿ ಮಾರ್ತಾ ಮಾಲ್ಟ್ ಎಂಬ ಇಂಗ್ಲಿಷ್ ಮಿಷನರಿ ಮಹಿಳೆ ನಾಗರಕೋಯಿಲಿನ ಹೆಣ್ಣುಮಕ್ಕಳಿಗೆ ಕಲಿಸಲು ಆರಂಭಿಸಿದರು. ನಮ್ಮ ಹಾಸ್ಟೆಲಿನಲ್ಲಿದ್ದ ಸಿಸ್ಟರ್ ಒಬ್ಬರು ಅದೇ ಕಡೆಯವರು. ಭಾನುವಾರದ ಮಧ್ಯಾಹ್ನಗಳಲ್ಲಿ ಅವರು ನಾಲ್ಕೈದು ಹುಡುಗಿಯರನ್ನು ಕೂರಿಸಿಕೊಂಡು ಕಲಿಸಿದ್ದೇ ನನ್ನ ವಿದ್ಯೆಯ ಮೂಲ. ಸ್ಲೊವೇನಿಯಾದ ಇದ್ರಿಯಾ ಎಂಬ ಊರಿನಲ್ಲಿ 1876ರಲ್ಲಿ ತೆರೆದ ಲೇಸಿನ ಶಾಲೆ ಇಂದಿಗೂ ನಡೆಯುತ್ತಿದೆ. ಅಲ್ಲಿಯವರಿಗೆ ಮರೆತದ್ದನ್ನು ಕೇಳಲು ಪಕ್ಕದ ಬೀದಿಯಲ್ಲಿಯೇ ಯಾರಾದರೂ ಇರುತ್ತಾರೆ ಎಂದು ನೆನೆದಾಗ ಆಸೆಯಾಗುತ್ತದೆ.

ದಿಂಬಿಗೆ ಹತ್ತಿ ತುಂಬಿದರೆ ಸೂಜಿ ನಿಲ್ಲದೆ ವಾಲುತ್ತದೆ. ಆದ್ದರಿಂದ ಸಾಮಿಲ್ಲಿನಿಂದ ಮರದ ಹೊಟ್ಟನ್ನು ತಂದು, ಜರಡಿ ಹಿಡಿದು, ದಪ್ಪ ಖಾದಿಯ ಚೀಲದಲ್ಲಿ ಮುಷ್ಟಿಯಿಂದ ಗುದ್ದಿ ಗುದ್ದಿ ತುಂಬಿದೆ. ಸೂಜಿಗಳನ್ನು ಈ ಸಲ ಹಿತ್ತಾಳೆಯವನ್ನೇ ಹುಡುಕಿ ತಂದೆ, ಏಕೆಂದರೆ ವಾರಗಟ್ಟಲೆ ನೆಟ್ಟಿರುವ ಸೂಜಿ ತುಕ್ಕು ಹಿಡಿದರೆ ಬಿಳಿ ದಾರದ ಮೇಲೆ ಆ ಕಲೆ ಉಳಿದುಬಿಡುತ್ತದೆ. ಲಟ್ಟಣಿಗೆ, ಕಡಗೋಲುಗಳನ್ನು ಕಡೆದು ಮಾರುವವರೊಬ್ಬರ ಬಳಿ ಹಳೆಯ ಬಾಬಿನ್ ಒಂದನ್ನು ಒಯ್ದು, ಅಂಥದ್ದೇ ಒಂದು ಡಜನ್ ಬೇಕೆಂದು ಕೇಳಿದೆ. ಅವರು ಅದನ್ನು ಬೆರಳಿನಲ್ಲಿ ತಿರುಗಿಸಿ ನೋಡಿ, "ಅಕ್ಕೋರೇ, ಇಷ್ಟು ಸಣ್ಣ ಕುತ್ತಿಗಿ ಕಡದ್ರ ಮುರೀತೈತ್ರಿ, ಸ್ವಲ್ಪ ದಪ್ಪ ಇಡ್ತೀನಿ" ಎಂದರು. ಕುತ್ತಿಗೆಯನ್ನು ದಪ್ಪವಾಗಿಯೇ ಇಟ್ಟರು. ಆದರೆ ಹಳೆಯದರ ಬುಡದಲ್ಲಿದ್ದ ಉಬ್ಬನ್ನು ಬಿಟ್ಟು ಪೆನ್ಸಿಲಿನಂತೆ ನೇರವಾಗಿ ಕಡೆದುಕೊಟ್ಟರು. ಆ ಉಬ್ಬು ಏಕೆ ಬೇಕು ಎಂಬುದು ಆಗ ನನಗೂ ನೆನಪಿರಲಿಲ್ಲ.

ಈ ಲೇಸಿನ ಎಲ್ಲ ಕಸುಬೂ ಎರಡು ಚಲನೆಗಳಲ್ಲಿ ಅಡಗಿದೆ. ಸಿಸ್ಟರ್ ಅವುಗಳನ್ನು ಕ್ರಾಸ್, ಟ್ವಿಸ್ಟ್ ಎನ್ನುತ್ತಿದ್ದರು, ನಾನು ದಾಟು, ಹುರಿ ಎಂದುಕೊಳ್ಳುತ್ತೇನೆ. ಎರಡು ಜೋಡಿ, ಅಂದರೆ ನಾಲ್ಕು ಬಾಬಿನ್‌ಗಳನ್ನು ಕೈಗೆ ತೆಗೆದುಕೊಂಡರೆ, ಎರಡನೆಯದನ್ನು ಮೂರನೆಯದರ ಮೇಲೆ ಹಾಯಿಸುವುದು ದಾಟು. ಎರಡನೆಯದನ್ನು ಒಂದನೆಯದರ ಮೇಲೆಯೂ ನಾಲ್ಕನೆಯದನ್ನು ಮೂರನೆಯದರ ಮೇಲೆಯೂ ಹಾಯಿಸುವುದು ಹುರಿ. ಎಣಿಕೆ ಬಾಬಿನ್ನಿಗಲ್ಲ, ಅದು ಬಿದ್ದಿರುವ ಜಾಗಕ್ಕೆ. ಪ್ರತಿ ಚಲನೆಯ ನಂತರ ಎಡದಿಂದ ಹೊಸದಾಗಿ ಎಣಿಸಬೇಕು. ದಾಟು, ಹುರಿ, ದಾಟು ಎಂದರೆ ಬಟ್ಟೆಯಂಥ ನೇಯ್ಗೆ ಬರುತ್ತದೆ. ಮೊಳಕಾಲ್ಮೂರಿನ ಮಗ್ಗದಲ್ಲಿ ಕಾಣುವ ಹಾಸುಹೊಕ್ಕೇ ಇಲ್ಲಿಯೂ ಇದೆ, ಒಂದು ಜೋಡಿ ಹೊಕ್ಕಾಗಿ ಓಡುತ್ತದೆ, ಉಳಿದವು ಹಾಸಾಗಿ ಇಳಿಬೀಳುತ್ತವೆ. ಆದರೆ ಮಗ್ಗದಲ್ಲಿ ಹಾಸನ್ನು ಬಿಗಿದು ಕಟ್ಟಿರುತ್ತಾರೆ, ಇಲ್ಲಿ ಎಳೆಯನ್ನು ಬಿಗಿಯಾಗಿ ಹಿಡಿದಿಡುವುದು ಬಾಬಿನ್ನಿನ ತೂಕವೊಂದೇ.

ಮೊದಲ ಸಂಜೆ ನನಗೆ ಆಶ್ಚರ್ಯವಾಯಿತು. ದಾಟು ಯಾವುದು, ಹುರಿ ಯಾವುದು ಎಂದು ಬಾಯಲ್ಲಿ ಹೇಳಲು ತಡವರಿಸುತ್ತಿದ್ದ ನಾನು, ಬಾಬಿನ್ ಹಿಡಿದ ಹತ್ತು ನಿಮಿಷದಲ್ಲಿ ಬೆರಳುಗಳು ತಾವಾಗಿಯೇ ಹೆಣೆಯುವುದನ್ನು ಕಂಡೆ. ಹುಡುಗಿಯಾಗಿದ್ದಾಗ ಕಲಿತ ಎರಡೆಳೆಯ ರಂಗೋಲಿ ಕೈಗೆ ಬರುವಂತೆಯೇ ಅದು ಬಂದಿತು. ಮರೆತಿದ್ದು ಕಣ್ಣು. ನಕ್ಷೆಯನ್ನು ಓದುವುದು, ಯಾವ ಜೋಡಿ ಯಾವ ಚುಕ್ಕೆಗೆ ಹೋಗಬೇಕೆಂದು ಮುಂದಾಗಿಯೇ ಕಾಣುವುದು, ತಪ್ಪನ್ನು ತಪ್ಪೆಂದು ಗುರುತಿಸುವುದು, ಇದಾವುದೂ ನನ್ನಲ್ಲಿ ಉಳಿದಿರಲಿಲ್ಲ.

ಮಗುವಿನ ಕುಲಾವಿಗೆಂದು ಆರಿಸಿದ್ದು ಟಾರ್ಶನ್ ಎಂಬ ಸರಳ ಬಗೆಯ ಅಂಚು. ಅದರ ಚುಕ್ಕೆಗಳು 45 ಡಿಗ್ರಿ ಓರೆಯಲ್ಲಿ ಸಾಗುವುದರಿಂದ ಮಕ್ಕಳ ಗ್ರಾಫ್ ಹಾಳೆಯ ಮೇಲೆಯೇ ಬರೆದುಕೊಳ್ಳಬಹುದು. ನಡುನಡುವೆ ಒಂದೊಂದು ಜೇಡ ಬರುತ್ತದೆ: ಎರಡೂ ಕಡೆಯಿಂದ ಹುರಿ ಹಾಕಿದ ಜೋಡಿಗಳು ಕಾಲಿನಂತೆ ಇಳಿದುಬಂದು, ನಡುವೆ ಒಂದರೊಳಗೊಂದು ಹಾಯ್ದು, ಸೂಜಿಯೊಂದನ್ನು ಸುತ್ತಿಕೊಂಡು, ಮತ್ತೆ ಹಾಯ್ದು ತಮ್ಮ ತಮ್ಮ ಕಡೆಗೆ ಮರಳುತ್ತವೆ. ಚೌಕಿಪೇಟೆಯಿಂದ ತಂದ ಮೊದಲ ದಾರ ದಪ್ಪವಾಯಿತು, ಕಂಡಿಗಳೆಲ್ಲ ಮುಚ್ಚಿಹೋದವು. ಇನ್ನೂ ತೆಳುವಾದದ್ದನ್ನು ತಂದು ಮತ್ತೆ ಸುತ್ತಿದೆ.

ಮೂರು ಜೇಡಗಳು ಚೆನ್ನಾಗಿಯೇ ಬಂದವು. ನಾಲ್ಕನೆಯದು ಮುಗಿದು ಮುಂದಿನ ಬೀಸಣಿಗೆಯ ಆಕಾರ ಅರ್ಧವಾಗಿದ್ದಾಗ, ಎಡಗಡೆಯ ಎಳೆಯೊಂದು ಎಲ್ಲಿಯೂ ಸೇರದೆ ಓರೆಯಾಗಿ ನಿಂತಿರುವುದು ಕಂಡಿತು. ಹಿಂದೆ ಹಿಂದೆ ಹುಡುಕುತ್ತಾ ಹೋದಾಗ ಕಾರಣ ಸಿಕ್ಕಿತು. ಪೆನ್ಸಿಲಿನಂಥ ಹೊಸ ಬಾಬಿನ್ ಒಂದು ಉರುಳಿ ಪಕ್ಕದ ಜೋಡಿಯೊಳಗೆ ಸೇರಿತ್ತು, ನಾನು ನೋಡದೆ ಬೇರೆ ಬೇರೆ ಜೋಡಿಯ ಎರಡು ಎಳೆಗಳನ್ನು ಒಂದೇ ಜೋಡಿಯೆಂದು ಹೆಣೆದಿದ್ದೆ. ಹಳೆಯ ಬಾಬಿನ್ನಿನ ಬುಡದ ಉಬ್ಬು ಅದಕ್ಕೇ ಇತ್ತು. ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಸೀಮೆಯವರು ತೆಳ್ಳಗಿನ ಬಾಬಿನ್‌ಗಳ ತುದಿಗೆ ಮಣಿಗಳ ಬಳೆ ಕಟ್ಟುವುದೂ ತೂಕಕ್ಕಾಗಿ ಮತ್ತು ಉರುಳದಿರಲಿ ಎಂದು. ಮರುದಿನವೇ ಗಾಜಿನ ಮಣಿಗಳನ್ನು ತಂದು ಹೊಸ ಬಾಬಿನ್‌ಗಳಿಗೆಲ್ಲ ತಂತಿಯಲ್ಲಿ ಪೋಣಿಸಿ ಕಟ್ಟಿದೆ.

ಆ ತಪ್ಪನ್ನು ಬಿಚ್ಚಲು ಒಂದು ಸಂಜೆ ಪೂರ್ತಿ ಹಿಡಿಯಿತು. ಇಲ್ಲಿ ಕ್ರೋಶಾದಂತೆ ಎಳೆ ಹಿಡಿದು ಎಳೆದರೆ ಬಿಚ್ಚಿಕೊಳ್ಳುವುದಿಲ್ಲ. ಕೊನೆಯ ಚಲನೆಯನ್ನು ಮೊದಲು ಹಿಂದಿರುಗಿಸಿ, ಎಡವನ್ನು ಬಲದ ಮೇಲೆ ದಾಟಿಸಿದ್ದನ್ನು ಬಲದಿಂದ ಎಡಕ್ಕೆ ಮರಳಿಸಿ, ಸೂಜಿ ಕಿತ್ತು, ಅದರ ಹಿಂದಿನದಕ್ಕೆ ಹೋಗಬೇಕು. ಬೆರಳುಗಳಿಗೆ ಹಿಮ್ಮುಖದ ಅಭ್ಯಾಸವಿಲ್ಲದ ಕಾರಣ ಪ್ರತಿಯೊಂದನ್ನೂ ಬಾಯಲ್ಲಿ ಹೇಳಿಕೊಂಡು, ಕಣ್ಣಿಟ್ಟು ನೋಡಿಯೇ ಮಾಡಬೇಕಾಯಿತು. ಜೇಡದ ಆರು ಕಾಲುಗಳೂ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತವೆ ಎಂಬುದು ನನಗೆ ಸರಿಯಾಗಿ ಕಂಡದ್ದು ಆ ಸಂಜೆಯೇ. ಐದನೆಯ ಜೇಡವನ್ನು ನಕ್ಷೆಯ ಗೆರೆಗಳನ್ನು ನೋಡದೆ, ಎಳೆಗಳನ್ನು ಮಾತ್ರ ನೋಡುತ್ತಾ ಹೆಣೆದೆ.

ಈಗ 14 ಸೆಂಟಿಮೀಟರ್ ಆಗಿದೆ. ಕುಲಾವಿಗೆ 35 ಬೇಕು. ಮೊದಲ ಐದು ಸೆಂಟಿಮೀಟರಿನ ಹೆಣಿಗೆ ಸಡಿಲವಾಗಿದೆ, ಸೂಜಿ ತೆಗೆದ ಕಡೆ ಕಂಡಿಗಳು ಕುಗ್ಗಿವೆ. ಅದನ್ನು ಹಿಂಭಾಗಕ್ಕೆ ಬರುವಂತೆ ಹಚ್ಚಿದರೆ ಯಾರಿಗೂ ಕಾಣುವುದಿಲ್ಲ ಎಂದು ಅಕ್ಕ ಹೇಳಿದಳು. ನನಗೆ ಅದು ಒಪ್ಪಿಗೆಯಾಗಲಿಲ್ಲ. 40 ಸೆಂಟಿಮೀಟರ್ ಹೆಣೆದು, ಕತ್ತರಿಸುವ ಜಾಗದಲ್ಲಿ ಎಳೆಗಳು ಬಿಚ್ಚಿಕೊಳ್ಳದಂತೆ ಹೊಲಿಗೆ ಹಾಕಿ, ಮೊದಲ ತುಂಡನ್ನು ಸಿಸ್ಟರ್ ಕೊಟ್ಟ ಹಳೆಯ ಬಾಬಿನ್‌ಗಳ ಜೊತೆಗೆ ಪೆಟ್ಟಿಗೆಯಲ್ಲಿಡುತ್ತೇನೆ.